ಹಾಲಿನ ಲೆಕ್ಕದ ಪುಸ್ತಕದಲ್ಲಿ ಓದಿನ ಲೆಕ್ಕ

ಅವರೇಕಾಯಿ ಕಾಲ ಬಂತು ನೋಡಿ. ನಮ್ಮ ಅನುಗೊಂಡನಹಳ್ಳಿಲಿ ಈಗ ಬೆಳಗ್ಗೆ ಬಾಗಿಲು ತೆಗೆದ್ರೆ ಮುಂದೆ ಮಂಜು, ಮೂಗಿಗೆ ಸೊಗಡಿನ ವಾಸನೆ. ಹಿತಕಿದ ಬೇಳೆ ಸಾರು ಮಾಡಬೇಕು ಅಂತ ಕೂತ್ರೆ ಎರಡು ಗಂಟೆ ಕೈಗೆ ಮಾತ್ರ ಕೆಲಸ, ಬಾಯಿಗೂ ಕಿವಿಗೂ ಬಿಡುವು. ಮೊನ್ನೆ ಹಂಗೆ ಜಗಲಿ ಮೇಲೆ ಎಲ್ರೂ ಕೂತು ಕಾಳು ಹಿತಕ್ತಾ ಇದ್ವಲ್ಲ, ಆಗ ಚಿಕ್ಕಮ್ಮ ಕೇಳಿದ್ರು: "ಏನಮ್ಮಾ, ವರ್ಷದ ಮೊದಲಲ್ಲಿ ಏನೋ ಪುಸ್ತಕದ ಲೆಕ್ಕ ಇಡ್ತೀನಿ ಅಂತಿದ್ದೆ, ಎಲ್ಲಿಗೆ ಬಂತು?"

ನಾನು "ಇಪ್ಪತ್ತೆರಡು ಆಯ್ತು ಚಿಕ್ಕಮ್ಮ" ಅಂತ ಅಷ್ಟೇ ಅಂದು ಸುಮ್ಮನಾದೆ. ಅತ್ತೆಮ್ಮ ಪಕ್ಕದಲ್ಲೇ ಕೂತಿದ್ರು. ಆ ಲೆಕ್ಕದಲ್ಲಿ ಒಂದು ದಿನದ ವಿಷಯ ಇದೆ, ಅದನ್ನ ನಿಮಗ್ಯಾರಿಗೂ ನಾನು ಸರಿಯಾಗಿ ಹೇಳಿಲ್ಲ. ನಿಮಗೆಲ್ಲ ಗೊತ್ತಿರೋದು ಒಂದು, ಆಗಿದ್ದು ಇನ್ನೊಂದು. ಅತ್ತೆಮ್ಮನ ಅಪ್ಪಣೆ ತಗೊಂಡೇ ಇವತ್ತು ಬರೀತಾ ಇದೀನಿ.

ಮೊದಲು ಲೆಕ್ಕ ಹೆಂಗೆ ಶುರುವಾಯ್ತು ಅಂತ ಹೇಳ್ತೀನಿ. 2025ರ ಜನವರಿ 1ನೇ ತಾರೀಕು ಮಗಳು ಮನೆಗೆ ಬಂದಿದ್ಲು. ವೈಟ್‌ಫೀಲ್ಡಲ್ಲಿ ಕೆಲಸ, ನಿಮಗೆ ಗೊತ್ತಲ್ಲ. ಅವಳ ಫೋನಲ್ಲಿ ಒಂದು ಆ್ಯಪ್ ಇದೆ, ಗುಡ್‌ರೀಡ್ಸ್ ಅಂತ. ವರ್ಷಕ್ಕೆ ಇಷ್ಟು ಪುಸ್ತಕ ಓದ್ತೀನಿ ಅಂತ ಹೇಳಿ ಇಟ್ಟರೆ ಅದು ಓದಿದ್ದನ್ನ ಎಣಿಸ್ತಾ ಹೋಗುತ್ತೆ. "ನೀನೂ ಹಾಕಮ್ಮಾ, ಎಷ್ಟು ಅಂತ ಹೇಳು" ಅಂದ್ಲು. ತಿಂಗಳಿಗೆ ಎರಡು ಅಂದ್ರೆ 24 ಅಂದೆ. ಆದರೆ ಫೋನಲ್ಲಿ ಬೇಡ ಅಂದೆ. ನನ್ನ ಹತ್ರ ಹಾಲಿನ ಲೆಕ್ಕದ ನೋಟ್‌ಬುಕ್ ಇತ್ತು. ಮುಂದಿನಿಂದ ಡೇರಿಗೆ ಹಾಕಿದ ಹಾಲಿನ ಲೆಕ್ಕ: ತಾರೀಕು, ಬೆಳಗ್ಗೆ ಎಷ್ಟು ಲೀಟರು, ಸಾಯಂಕಾಲ ಎಷ್ಟು, ಫ್ಯಾಟು ಎಷ್ಟು, ರೇಟು ಎಷ್ಟು. ಅದನ್ನೇ ತಿರುಗಿಸಿ ಹಿಂದಿನ ಹಾಳೆಯಿಂದ ಓದಿನ ಲೆಕ್ಕ ಶುರುಮಾಡಿದೆ. ಹಾಲಿನ ಲೆಕ್ಕದಲ್ಲಿ ಸುಳ್ಳು ಬರೆಯೋಕಾಗಲ್ಲ ನೋಡಿ. ಹಸು ಕೊಟ್ಟಿದ್ದೇ ಬರೀಬೇಕು, ಇಲ್ಲಾಂದ್ರೆ ಹದಿನೈದು ದಿನಕ್ಕೆ ಬಟವಾಡೆ ಬಂದಾಗ ನಾವೇ ಸಿಕ್ಕಿಬೀಳ್ತೀವಿ. ಓದಿನ ಲೆಕ್ಕಕ್ಕೂ ಅದೇ ಪುಸ್ತಕ ಆದ್ರೆ ಕೈಗೆ ಒಂದು ಭಯ ಇರುತ್ತೆ ಅಂತ.

ಗೀಟು ಹಾಕಿ ಆರು ಕಾಲಂ ಮಾಡಿದೆ. ತಾರೀಕು, ಪುಸ್ತಕದ ಹೆಸರು, ಬರೆದವರು, ಓದಿದ್ದೋ ಕೇಳಿದ್ದೋ, ಎಲ್ಲಿ, ಕೊನೆಗೆ ಒಂದೇ ಒಂದು ಮಾತಲ್ಲಿ ಹೆಂಗಿತ್ತು. 'ಎಲ್ಲಿ' ಅನ್ನೋ ಕಾಲಂ ನೋಡಿ ಮಗಳು ನಕ್ಕಳು. ಅದರಲ್ಲಿ ಏನು ಬರೆದಿದೆ ಗೊತ್ತಾ? ಕೊಟ್ಟಿಗೆ, ಕೊಟ್ಟಿಗೆ, ಒಲೆ ಮುಂದೆ, ಬಸ್ಸು, ಕೊಟ್ಟಿಗೆ, ಡೇರಿ ಕ್ಯೂ, ಆಸ್ಪತ್ರೆ ಬೆಂಚು. ಹಾಸಿಗೆ ಮೇಲೆ ಕೂತು ಓದಿದ್ದು ವರ್ಷಕ್ಕೆ ಎರಡೇ ಸಲ.

ಪುಸ್ತಕ ಎಲ್ಲಿಂದ ಅಂತ ಕೇಳಿದ್ರಿ ಹೋದ ಸಲ. ಕೊಂಡಿದ್ದು ಕಮ್ಮಿ ಕಣ್ರಮ್ಮಾ. ನಮ್ಮ ಪಂಚಾಯ್ತಿ ಲೈಬ್ರರಿಗೆ ಯಾಕೆ ಹೋಗಲ್ವೋ ನೀವು, ನನಗೆ ಅರ್ಥವಾಗಲ್ಲ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತೆ. ವರ್ಷಾ ವರ್ಷ ದುಡ್ಡು ಕಟ್ತಾ ಇದೀವಿ, ಒಂದು ಪುಸ್ತಕ ಮನೆಗೆ ತರಲ್ಲ. 2019ರಿಂದ ಹಳ್ಳಿ ಲೈಬ್ರರಿಗಳೆಲ್ಲ ಪಂಚಾಯತ್ ರಾಜ್ ಇಲಾಖೆಗೆ ಸೇರಿವೆ, ಈಗ ಅರಿವು ಕೇಂದ್ರ ಅಂತ ಬೋರ್ಡು. ಅಲ್ಲಿ ಗಂಡಸರು ಪೇಪರು ಓದ್ತಾ ಕೂತಿರ್ತಾರೆ, ನಾವು ಹೋದ್ರೆ ಒಂದು ಕ್ಷಣ ತಲೆ ಎತ್ತಿ ನೋಡ್ತಾರೆ, ಅಷ್ಟೇ. ಮೊದಲ ದಿನ ಮುಜುಗರ, ಎರಡನೇ ದಿನ ಏನಿಲ್ಲ.

ಇನ್ನೊಂದು ದಾರಿ ಬಸ್ಸು. 2023ರ ಜೂನಿಂದ ಹೆಂಗಸರಿಗೆ ಬಸ್ಸು ಫ್ರೀ ಆದ್ಮೇಲೆ ನಾನು ಎರಡು ಸಲ ಗಾಂಧಿ ಬಜಾರಿಗೆ ಬರೀ ಪುಸ್ತಕ ನೋಡೋಕೆ ಅಂತಲೇ ಹೋಗಿದೀನಿ. ಕಾಡುಗೋಡಿವರೆಗೂ ಬಸ್ಸು, ಅಲ್ಲಿಂದ ಮೆಟ್ರೋ, ಮೆಜೆಸ್ಟಿಕ್ಕಲ್ಲಿ ಬದಲಾಯಿಸಿದ್ರೆ ನ್ಯಾಷನಲ್ ಕಾಲೇಜು ಹತ್ರ ಇಳಿಬೋದು. ಮನೆಯೋರು "ಪುಸ್ತಕ ನೋಡೋಕೆ ಅಷ್ಟು ದೂರಾನಾ?" ಅಂದ್ರು. "ನೀವು ಎತ್ತು ನೋಡೋಕೆ ಜಾತ್ರೆ ಜಾತ್ರೆ ತಿರುಗಲಿಲ್ವಾ, ಎಲ್ಲಾ ಎತ್ತೂ ಕೊಂಡ್ರಾ?" ಅಂದೆ. ಸುಮ್ಮನಾದ್ರು.

ಮೂರನೇದು ತವರಿಂದ ತಂದ ಟ್ರಂಕು. ನಮ್ಮದು ಮಾಲೂರು ಕಡೆ, ಮಾಸ್ತಿಯವರ ಸೀಮೆ. ನಮ್ಮಪ್ಪನಿಗೆ ಅದೇ ದೊಡ್ಡ ಹೆಮ್ಮೆ. 1983ರ ಜ್ಞಾನಪೀಠ 'ಚಿಕವೀರ ರಾಜೇಂದ್ರ'ಕ್ಕೆ ಬಂದಾಗ ನಮ್ಮ ಕಡೆ ಜನ ತಮಗೇ ಬಂದಂಗೆ ಓಡಾಡಿದ್ರಂತೆ. ಆ ಟ್ರಂಕಲ್ಲಿ ಮಾಸ್ತಿಯವರ ಕತೆ, ಅಮ್ಮ ಸುಧಾ ವಾರಪತ್ರಿಕೆಯಿಂದ ಧಾರಾವಾಹಿ ಕಿತ್ತು ಹೊಲಿದು ಇಟ್ಟಿದ್ದ ಕಟ್ಟುಗಳು, ಜಿರಳೆ ತಿಂದು ಉಳಿದ ತ್ರಿವೇಣಿ. ನಾನು ಪಿಯುಸಿ ಎರಡನೇ ವರ್ಷ ಮುಗಿಸಿ ಮದುವೆಯಾಗಿ ಬರೋವಾಗ ಬೇರೆಯೋರು ಪಾತ್ರೆ ತಂದ್ರು, ನಾನು ಇದನ್ನೂ ತಂದೆ.

ಇಷ್ಟೆಲ್ಲ ಇದ್ರೂ ಓದೋದು ಯಾವಾಗ? ಬೆಳಗ್ಗೆ ಐದಕ್ಕೆ ಕೊಟ್ಟಿಗೆ, ಆರೂವರೆಗೆ ಡೇರಿ, ಆಮೇಲೆ ತಿಂಡಿ, ಹುಲ್ಲು, ಮುದ್ದೆ, ಮಧ್ಯಾಹ್ನ ತೋಟದ ಕೆಲಸ, ಮತ್ತೆ ಹಾಲು. ರಾತ್ರಿ ಪುಸ್ತಕ ಹಿಡಿದ್ರೆ ಎರಡನೇ ಪುಟಕ್ಕೆ ಪುಸ್ತಕ ಮುಖದ ಮೇಲೆ. ಜೊತೆಗೆ ನಲವತ್ತು ದಾಟಿದ ಮೇಲೆ ಕಣ್ಣಿಗೆ ಹತ್ತಿರದ ಅಕ್ಷರ ಕಾಣಲ್ಲ, ಕನ್ನಡಕ ಹುಡುಕೋಷ್ಟರಲ್ಲಿ ಹಾಲು ಉಕ್ಕಿರುತ್ತೆ. ಆಗ ಮಗಳು ಕೇಳೋ ಪುಸ್ತಕ ಹಾಕಿಕೊಟ್ಲು. ಮೈಲ್ಯಾಂಗ್, ಸ್ಟೋರಿಟೆಲ್ ಅಂತ ಆ್ಯಪ್‌ಗಳಲ್ಲಿ ಕನ್ನಡದ ಪುಸ್ತಕ ಓದಿ ಹೇಳಿದ್ದು ಸಿಗುತ್ತೆ. ಯೂಟ್ಯೂಬಲ್ಲೂ ಯಾರ್ಯಾರೋ ಓದಿ ಹಾಕಿರ್ತಾರೆ. ಅದರಲ್ಲಿ ಎಲ್ಲವೂ ಒಪ್ಪಿಗೆ ತಗೊಂಡು ಹಾಕಿದ್ದಲ್ಲ ಅಂತ ಮಗಳು ಹೇಳಿದ್ಲು. ಬರೆದವರು ತೀರಿಕೊಂಡು 60 ವರ್ಷ ಆದ್ಮೇಲೆ ಆ ಬರವಣಿಗೆ ಎಲ್ಲರದೂ ಆಗುತ್ತಂತೆ. ತ್ರಿವೇಣಿ ಹೋಗಿದ್ದು 1963ರಲ್ಲಿ, ಇನ್ನೂ 35 ತುಂಬಿರಲಿಲ್ಲ ಪಾಪ. ಹಂಗಾಗಿ 2024ರಿಂದ ಅವರ ಕಾದಂಬರಿ ಯಾರು ಬೇಕಾದ್ರೂ ಓದಿ ಹಾಕಬೋದು. ಈ ಲೆಕ್ಕದಲ್ಲಿ ನನ್ನ ಮೊದಲ ಗಂಟು ತ್ರಿವೇಣಿನೇ.

ಒಂದು ಇನ್ನೂರು ಪುಟದ ಕಾದಂಬರಿ ಕೇಳೋಕೆ ಏಳೆಂಟು ಗಂಟೆ ಬೇಕು. ದಿನಕ್ಕೆ ಎರಡು ಹೊತ್ತು ಕೊಟ್ಟಿಗೆ ಅಂದ್ರೆ ಒಂದೂವರೆ ಗಂಟೆ. ಐದಾರು ದಿನಕ್ಕೆ ಒಂದು ಪುಸ್ತಕ. ನೋಡಿ, ಇಲ್ಲೇ ದುರಾಸೆ ಶುರುವಾಗಿದ್ದು. ಮಾರ್ಚಲ್ಲಿ ಫೋನಲ್ಲಿ ವೇಗ ಹೆಚ್ಚಿಸೋ ಗುಂಡಿ ಇದೆ ಅಂತ ಗೊತ್ತಾಯ್ತು. ಒಂದೂಕಾಲು, ಆಮೇಲೆ ಒಂದೂವರೆ. ಐದು ದಿನದ್ದು ಮೂರು ದಿನಕ್ಕೆ ಮುಗಿಯೋದು. ಜೂನ್ ಕೊನೆಗೆ 15 ಆಗಿತ್ತು, ಕೇಳಿದ್ದು 11, ಓದಿದ್ದು 4. ವರ್ಷಕ್ಕೆ 24 ಅಂದಿದ್ದೆ, ಈಗ ಮೂವತ್ತು ಮಾಡ್ತೀನಿ ಅಂತ ಮಗಳಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ಓದಿದ ನಾಲ್ಕರಲ್ಲಿ ಬಾನು ಮುಷ್ತಾಕ್ ಅವರ ಕತೆಗಳೂ ಒಂದು. ಮೇ ತಿಂಗಳಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಹಾಸನದ ಲಾಯರಮ್ಮ, ನಮ್ಮ ಕನ್ನಡಕ್ಕೆ ಅದು ಮೊದಲು. ಬಸ್ಸಲ್ಲಿ ಓದ್ತಾ ಇದ್ದೆ, ಪಕ್ಕದ ಸೀಟಲ್ಲಿ ಬುರ್ಖಾ ಹಾಕಿದ್ದ ಒಬ್ಬ ಹುಡುಗಿ ನನ್ನ ಭುಜದ ಮೇಲಿಂದ ಓದ್ತಾ ಇದ್ಲು. ಪುಟ ತಿರುಗಿಸೋ ಮೊದಲು ಅವಳ ಮುಖ ನೋಡ್ತಿದ್ದೆ, ಅವಳು ಹೂಂ ಅಂದ ಮೇಲೆ ತಿರುಗಿಸ್ತಿದ್ದೆ. ಹೊಸಕೋಟೆ ಬರೋವರೆಗೂ ಹಂಗೇ. ಆ ಕತೆ ನನಗೆ ಈಗಲೂ ಒಂದಕ್ಷರ ಬಿಡದೆ ನೆನಪಿದೆ. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಇದರ ಹತ್ರ ಬರ್ತೀನಿ.

ಈಗ ಜುಲೈ 8, ಮಂಗಳವಾರ. ಆಷಾಢ. ಬೆಳಗ್ಗೆ ಜಡಿ ಮಳೆ. ಮನೆಯೋರು ಹೂವು ಹಾಕೋಕೆ ಮಾರ್ಕೆಟ್ಟಿಗೆ ಹೋಗಿದ್ರು, ಮಗ ಕಾಲೇಜಿನ ಹತ್ರ ರೂಮಲ್ಲಿ. ಮನೇಲಿ ನಾನು, ಅತ್ತೆಮ್ಮ. ನಾನು ಕೊಟ್ಟಿಗೇಲಿ ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು 'ಶರಪಂಜರ' ಕೇಳ್ತಾ ಇದ್ದೆ. ಸಿನಿಮಾ ಎಲ್ರೂ ನೋಡಿದೀರ, ಬಾಣಂತನದ ನಂತರ ಮನಸ್ಸು ಕೆಟ್ಟು ಆಸ್ಪತ್ರೆಗೆ ಹೋಗಿ ವಾಸಿಯಾಗಿ ಬಂದ ಕಾವೇರಿ ಕತೆ. ವಾಸಿಯಾದ್ರೂ ಮನೆಯೋರು ಅವಳನ್ನ ನಂಬಲ್ಲ, ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ನಾನು ಅದನ್ನ ಒಂದೂವರೆ ವೇಗದಲ್ಲಿ ಕೇಳ್ತಾ, ಒಂದು ಹಸುವಿನ ಹಾಲು ಕರೆದು, ಇನ್ನೊಂದಕ್ಕೆ ಹಿಂಡಿ ಕಲಸಿಟ್ಟು, ಇದು ಮುಗಿದ್ರೆ ಹದಿನಾರು ಅಂತ ಮನಸ್ಸಲ್ಲೇ ಎಣಿಸ್ತಾ ಇದ್ದೆ.

ಒಳಗೆ ಬಚ್ಚಲಲ್ಲಿ ಅತ್ತೆಮ್ಮ ಜಾರಿ ಬಿದ್ದಿದ್ರು.

ನಾನು ಹಾಲಿನ ಕ್ಯಾನು ಎತ್ಕೊಂಡು ಒಳಗೆ ಬಂದಾಗ ಅವರು ಬಚ್ಚಲ ಗೋಡೆಗೆ ಒರಗಿ ಕೂತಿದ್ರು. ಸೀರೆ ಪೂರ್ತಿ ನೆನೆದಿತ್ತು, ಬಲಗೈ ತೊಡೆ ಮೇಲೆ ಬೇರೆಯವರ ಕೈ ಥರ ಬಿದ್ದಿತ್ತು. ನನ್ನ ಕಿವೀಲಿ ಇನ್ನೂ ಕಾವೇರಿ ಮಾತಾಡ್ತಾನೇ ಇದ್ಲು. ಅತ್ತೆಮ್ಮ ನನ್ನ ಮುಖ ನೋಡಿದ್ರು, ಆಮೇಲೆ ಕಿವಿ ನೋಡಿದ್ರು. ಏನೂ ಅನ್ನಲಿಲ್ಲ. "ಎತ್ತಮ್ಮಾ" ಅಂದ್ರು, ಅಷ್ಟೇ. ಎಷ್ಟೊತ್ತಾಯ್ತು ಬಿದ್ದು ಅಂದ್ರೆ, "ಈಗ ಕಣಮ್ಮಾ" ಅಂದ್ರು. ಒಲೆ ಮೇಲಿಟ್ಟಿದ್ದ ನೀರು ಬತ್ತಿ ತಳ ಕಂಡಿತ್ತು. ಈಗ ಅಲ್ಲ.

ಹೊಸಕೋಟೆಗೆ ಕರ್ಕೊಂಡೋದ್ವಿ. ಮಣಿಕಟ್ಟು ಮುರಿದಿತ್ತು, ಸೊಂಟಕ್ಕೆ ಪೆಟ್ಟು, ಮುರಿದಿರಲಿಲ್ಲ ಸದ್ಯ. 78 ವರ್ಷಕ್ಕೆ ಸೊಂಟ ಮುರಿದಿದ್ರೆ ಏನಾಗ್ತಿತ್ತು ಅಂತ ನಿಮಗೆ ಗೊತ್ತು. ಆರು ವಾರ ಪ್ಲಾಸ್ಟರು. ನೀವೆಲ್ಲ ನೋಡೋಕೆ ಬಂದ್ರಿ, ಹಣ್ಣು, ಬ್ರೆಡ್ಡು ತಂದ್ರಿ. ಬಂದೋರೆಲ್ಲ ಕೇಳಿದ್ದು ಒಂದೇ: "ಕೂಗ್ಬಾರ್ದಾಗಿತ್ತಾ?" ಅತ್ತೆಮ್ಮ ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಟ್ರು: "ಎಲ್ಲಿ ಕೂಗ್ಲಿ, ಉಸಿರೇ ಇಡ್ಕಂಬುಡ್ತು." ಮನೆಯೋರಿಗೂ ಅದೇ ಹೇಳಿದ್ರು. ನಾದಿನಿ ನನ್ನ ಕೈ ಹಿಡ್ಕೊಂಡು "ನೀವಿದ್ದಿದ್ದಕ್ಕೆ ಆಯ್ತು ಅತ್ತಿಗೆ, ಬೇಗ ನೋಡಿದ್ರಿ" ಅಂತ ಅತ್ತಾಗ ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಅವರು ಕೂಗಿದ್ರು ಅಂತ ನನಗೆ ಗೊತ್ತು. ಆಸ್ಪತ್ರೆ ಬೆಂಚಿನ ಮೇಲೆ ನಾನು ಮೆತ್ತಗೆ ಕೇಳಿದಾಗ, "ಎಲ್ಡು ಸಲ ಕೂಗ್ದೆ, ನೀನು ಆ ಕಡೆ ಇದ್ದೆ, ಬುಡು" ಅಂದಿದ್ರು.

ನೋಟ್‌ಬುಕ್ಕಿನ ಹಿಂದಿನ ಹಾಳೇಲಿ ಜುಲೈ 8ರ ಎದುರಿಗೆ ಆ ರಾತ್ರಿ ಬರೆದೆ: 'ಶರಪಂಜರ, ಅರ್ಧ. ಕೊಟ್ಟಿಗೆ. ಕೇಳಿಸಲಿಲ್ಲ.' ಕೊನೆ ಕಾಲಂ ಪುಸ್ತಕ ಹೆಂಗಿತ್ತು ಅಂತ ಬರೆಯೋ ಜಾಗ. ಮಗಳು ಆಮೇಲೆ ಅದನ್ನ ನೋಡಿ ಫೋನ್ ಕೆಟ್ಟಿತ್ತಾ ಅಂತ ಕೇಳಿದ್ಲು. ಹೂಂ ಅಂದುಬಿಟ್ಟೆ. ಹಾಲಿನ ಲೆಕ್ಕದಲ್ಲಿ ಸುಳ್ಳು ಬರೆಯಲ್ಲ ಅಂದೋಳು ಬಾಯಲ್ಲಿ ಹೇಳಿದೆ.

ಆಮೇಲೆ ಹನ್ನೊಂದು ದಿನ ಖಾಲಿ. ಇಯರ್‌ಫೋನ್ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಅತ್ತೆಮ್ಮನಿಗೆ ನಾನೇ ಮುದ್ದೆ ಮುರಿದು ತಿನ್ನಿಸ್ತಿದ್ದೆ, ತಲೆ ಬಾಚ್ತಿದ್ದೆ. ಇಬ್ರೂ ಆ ವಿಷಯ ಎತ್ತಲಿಲ್ಲ. ಮಾತೇ ಇಲ್ಲದ ಮನೆ ಎಷ್ಟು ಭಾರ ಅಂತ ಆಗ ಗೊತ್ತಾಯ್ತು.

ಜುಲೈ 19, ಶನಿವಾರ ಮಧ್ಯಾಹ್ನ, ತಲೆಗೆ ಎಣ್ಣೆ ಹಾಕ್ತಿದ್ದೆ. ಅತ್ತೆಮ್ಮ ಇದ್ದಕ್ಕಿದ್ದಂಗೆ ಕೇಳಿದ್ರು: "ಆ ಕತೆ ಏನಾಯ್ತಮ್ಮಾ?"

"ಯಾವ ಕತೆ ಅತ್ತೆಮ್ಮ?"

"ಅವತ್ತು ನಿನ್ನ ಕಿವೀಲಿ ಇತ್ತಲ್ಲ. ಅಷ್ಟು ಮೈಮರೆತು ಕೇಳ್ತಿದ್ದೆ ಅಂದ್ರೆ ಚೆನ್ನಾಗೇ ಇರ್ಬೇಕು. ನಂಗೂ ಆಕು."

ನನ್ನ ಕೈ ಎಣ್ಣೇಲೇ ನಿಂತುಹೋಯ್ತು. ಬೈದಿದ್ರೆ ಅತ್ತುಬಿಡ್ತಿದ್ದೆ, ಇದಕ್ಕೆ ಅಳೋಕೂ ಬರಲಿಲ್ಲ. ಕೈ ತೊಳೆದು ಬಂದು ಫೋನ್ ದಿಂಬಿನ ಮೇಲಿಟ್ಟು 'ಶರಪಂಜರ' ಮೊದಲಿಂದ ಹಾಕಿದೆ. ಎರಡು ನಿಮಿಷ ಆಗಿತ್ತೇನೋ, ಅತ್ತೆಮ್ಮ ಎಡಗೈ ಎತ್ತಿದ್ರು. "ಈ ಎಮ್ಮ ಯಾಕಮ್ಮಾ ಇಂಗೆ ಓಡ್ತಾವ್ಳೆ? ಬಸ್ಸು ತಪ್ಪೋಯ್ತದಾ?" ವೇಗ ಹಂಗೇ ಒಂದೂವರೆಗೆ ನಿಂತಿತ್ತು. ಸರಿಮಾಡಿದೆ. ಆಗ ಓದ್ತಿದ್ದ ಹೆಂಗಸಿನ ಗಂಟಲು ನನಗೆ ಮೊದಲ ಸಲ ಕೇಳಿಸ್ತು. ಎಲ್ಲಿ ತಡೀತಾರೆ, ಎಲ್ಲಿ ಉಸಿರು ತಗೋತಾರೆ, ಕಾವೇರಿ ಮಾತಾಡೋವಾಗ ಎಷ್ಟು ಮೆತ್ತಗಾಗ್ತಾರೆ ಅಂತೆಲ್ಲ. ಅರ್ಧ ಪುಸ್ತಕ ಕೇಳಿದೀನಿ ಅಂತ ಅಂದ್ಕೊಂಡಿದ್ದೆ, ಒಂದಕ್ಷರ ಕೇಳಿರಲಿಲ್ಲ.

ಅತ್ತೆಮ್ಮನಿಗೆ ಅಕ್ಷರ ಬರಲ್ಲ, ಡೇರಿ ಪಾಸ್‌ಬುಕ್ಕಿಗೂ ಹೆಬ್ಬೆಟ್ಟೇ. ಆದರೆ ಕತೆ ಕೇಳೋಕೆ ಅವರಷ್ಟು ಹುಷಾರು ಯಾರೂ ಇಲ್ಲ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ವಿ ಅಂತ ನನಗೆ ಮರೆತುಹೋಗುತ್ತೆ, ಅವರಿಗೆ ಮರೆಯಲ್ಲ. ಹೆಂಗೆ ಅತ್ತೆಮ್ಮ ಅಂದ್ರೆ, ಅವರ ತವರಿನ ಕತೆ ಹೇಳಿದ್ರು. ಅವರ ಚಿಕ್ಕಂದಿನಲ್ಲಿ ಮಳೆ ಬರದಿದ್ರೆ ಊರಿನ ಗುಡೀಲಿ ಭಾರತ ಓದಿಸೋರಂತೆ. ವಿರಾಟಪರ್ವ ಓದಿಸಿದ್ರೆ ಮಳೆ ಬರುತ್ತೆ ಅನ್ನೋ ನಂಬಿಕೆ. ಒಬ್ಬರು ಕುಮಾರವ್ಯಾಸನ ಪದ್ಯ ರಾಗವಾಗಿ ಓದೋರು, ಇನ್ನೊಬ್ಬರು ಅರ್ಥ ಹೇಳೋರು. ಗಮಕ ಅಂತಾರಲ್ಲ, ಅದೇ. ಹೆಂಗಸರು ಮಕ್ಕಳು ಕಂಬದ ಹಿಂದೆ ಕೂತು ಕೇಳೋರು. ಮಾರನೇ ದಿನ ರಾಗಿ ಬೀಸೋವಾಗ ಅಜ್ಜಿ ಕೇಳೋಳಂತೆ: "ನಿನ್ನೆ ದ್ರೌಪದಿ ಏನಂದ್ಲು, ಯೋಳು." ಹೇಳಕ್ಕೆ ಬರದಿದ್ರೆ ಅವತ್ತು ರಾತ್ರಿ ಗುಡಿಗೆ ಕರ್ಕೊಂಡು ಹೋಗ್ತಿರಲಿಲ್ಲ. "ನಾವು ಯಾರೂ ಓದ್ದೋರಲ್ಲ ಕಣಮ್ಮಾ, ಆದ್ರೆ ಭಾರತ ಗೊತ್ತಿಲ್ಲ ಅಂತ ಯಾರೂ ನಮ್ಮುನ್ನ ಅಂದಿಲ್ಲ" ಅಂದ್ರು.

ಮಗಳ ಸ್ನೇಹಿತೆಯರಲ್ಲಿ ಒಂದು ಜಗಳ ಇದೆಯಂತೆ, ಕೇಳಿದ್ದನ್ನ ಓದಿದ ಲೆಕ್ಕಕ್ಕೆ ಹಿಡೀಬೋದಾ ಇಲ್ವಾ ಅಂತ. ನಾನೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ. ಅತ್ತೆಮ್ಮನ ಮಾತು ಕೇಳಿದ ಮೇಲೆ ಆ ಪ್ರಶ್ನೆ ಬಿಟ್ಟೆ. ನಮ್ಮ ಕಡೆ ಪುಸ್ತಕ ಕಣ್ಣಿಗಿಂತ ಮೊದಲು ಕಿವಿಗೆ ಬಂದಿದ್ದು. ಗಮಕ ಆಯ್ತು, ಹರಿಕಥೆ ಆಯ್ತು, ನಮ್ಮಪ್ಪ ರಾತ್ರಿ ಎಲ್ರನ್ನೂ ಸುಮ್ಮನಿರಿಸಿ ಹಾಕ್ತಿದ್ದ ಆಕಾಶವಾಣಿ ನಾಟಕ ಆಯ್ತು. ಆಕಾಶವಾಣಿ ಅನ್ನೋ ಹೆಸರು ಬಂದಿದ್ದೇ ನಮ್ಮ ಮೈಸೂರಲ್ಲಿ, 1935ರಲ್ಲಿ ಗೋಪಾಲಸ್ವಾಮಿಯವರು ಮನೇಲಿ ಶುರುಮಾಡಿದ ರೇಡಿಯೋದಿಂದ. ಕೇಳೋದು ಕೀಳಲ್ಲ. ಕೇಳಿಸ್ಕೊಳ್ಳದೆ ಕೇಳೋದು ಕೀಳು.

'ಫಣಿಯಮ್ಮ' ಕೇಳೋಕೆ ಹಾಕಲಿಲ್ಲ, ಲೈಬ್ರರಿಯಿಂದ ತಂದು ನಾನೇ ಓದಿ ಹೇಳಿದೆ. ಎಂ.ಕೆ. ಇಂದಿರಾ ಮೊದಲ ಕಾದಂಬರಿ ಬರೆದಾಗ ವಯಸ್ಸು 45 ದಾಟಿತ್ತಂತೆ, ಅಂದ್ರೆ ನನ್ನ ವಯಸ್ಸು. ಹೆಚ್ಚು ಓದಿದೋರೂ ಅಲ್ಲ. ಅಮ್ಮ ಹೇಳಿದ ನಿಜವಾದ ಮುದುಕಮ್ಮನ ಕತೇನೇ ಪುಸ್ತಕ ಮಾಡಿದ್ರು. ಬುದ್ಧಿ ತಿಳಿಯೋ ಮೊದಲೇ ವಿಧವೆಯಾಗಿ, ತಲೆ ಬೋಳಿಸಿ, ನೂರು ವರ್ಷ ದಾಟಿ ಬದುಕಿದ ಹೆಂಗಸು. ಕೊನೆಗೆ ಮನೇಲಿ ಇನ್ನೊಂದು ಹುಡುಗಿ ವಿಧವೆಯಾಗಿ ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದಾಗ, ಈ ಮಡಿ ಮುದುಕಮ್ಮಾನೇ ಅವಳ ಪರ ನಿಲ್ತಾಳೆ. ಅಲ್ಲಿಗೆ ಬಂದಾಗ ಅತ್ತೆಮ್ಮ, "ತಾನು ಉಂಡ ಕಷ್ಟ ಇನ್ನೊಬ್ಬಳಿಗೆ ಬಡಿಸಲಿಲ್ಲ ನೋಡು. ಅದೇ ದೊಡ್ಡಸ್ತಿಕೆ" ಅಂದ್ರು. ಅಂದು ಸುಮ್ಮನೆ ಪ್ಲಾಸ್ಟರು ಸವರ್ತಾ ಕೂತ್ರು. ನಾನು ಮುಂದಿನ ಪುಟ ತಿರುಗಿಸೋಕೆ ಸ್ವಲ್ಪ ಹೊತ್ತಾಯ್ತು.

ಸೆಪ್ಟೆಂಬರ್ 24ಕ್ಕೆ ಭೈರಪ್ಪನೋರು ಹೋದ್ರು ಅಂತ ಟಿವೀಲಿ ಬಂತು. ಆ ವಾರವೇ 'ಗೃಹಭಂಗ' ಶುರು. ಇದೂ ನಾನೇ ಓದಿದ್ದು. ನಂಜಮ್ಮ ಕೈಲಾಗದ ಗಂಡನ ಬದಲು ಶಾನುಭೋಗಿಕೆ ಲೆಕ್ಕ ಬರೀತಾಳೆ, ಮುತ್ತುಗದ ಎಲೆ ಹಚ್ಚಿ ಮಾರ್ತಾಳೆ, ಮಕ್ಕಳನ್ನ ದಡ ಸೇರಿಸಬೇಕು ಅಂತ ಒದ್ದಾಡ್ತಾಳೆ, ಪ್ಲೇಗು ಬಂದು ಒಂದೊಂದಾಗಿ ಕಿತ್ಕೊಂಡು ಹೋಗುತ್ತೆ. ಪ್ಲೇಗಿನ ಭಾಗ ಓದೋವಾಗ ನನ್ನ ಗಂಟಲು ಕಟ್ಟಿತು. ಅತ್ತೆಮ್ಮ ನೀರು ಕೊಟ್ಟು, "ಇವತ್ತಿಗೆ ಸಾಕು. ಮಿಕ್ಕಿದ್ದು ನಾಳೆ. ಆ ಮಕ್ಕಳು ಇವತ್ತೊಂದು ದಿನ ಬದುಕ್ಲಿ" ಅಂದ್ರು. ಇಂಥ ಮಾತು ಆಡೋರ ಪಕ್ಕ ಕೂತು ಓದಿದ್ರೆ ಪುಸ್ತಕ ಮರೆಯುತ್ತಾ ಹೇಳಿ?

ಹಂಗೇ ಕಾರಂತರ 'ಚೋಮನ ದುಡಿ'ನೂ, ಮಾಸ್ತಿಯವರ ಒಂದಷ್ಟು ಕತೇನೂ ಫೋನಲ್ಲಿ ಕೇಳಿದ್ವಿ. ಒಂದು ತುಂಡು ನೆಲಕ್ಕಾಗಿ ಆಸೆಪಟ್ಟು ಸಾಯೋ ಚೋಮನ ಕತೆ ಕೇಳಿದ ದಿನ ಅತ್ತೆಮ್ಮ ಮನೆಯೋರನ್ನ ಕರೆದು, "ಕೆರೆ ಕಡೆ ಜಮೀನು ಲೇಔಟಿಗೆ ಕೊಡೋ ಮಾತು ನಾನು ಇರೋಗಂಟ ಎತ್ತಬೇಡ" ಅಂದುಬಿಟ್ರು. ಮನೆಯೋರು ನನ್ನ ಕಡೆ ನೋಡಿದ್ರು. ನಾನೇನು ಮಾಡಲಿ, ಬರೆದಿದ್ದು ಕಾರಂತರು, 1933ರಲ್ಲಿ.

ಅಕ್ಟೋಬರಲ್ಲಿ ಒಂದು ಪರೀಕ್ಷೆ ಮಾಡ್ಕೊಂಡೆ. ನೋಟ್‌ಬುಕ್ ತೆಗೆದು ಜನವರಿಯಿಂದ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು, ಇದರಲ್ಲಿ ಏನು ಉಳಿದಿದೆ ಅಂತ ಕೇಳ್ಕೊಂಡೆ. ಮೊದಲ ಹದಿನೈದರಲ್ಲಿ ಐದಕ್ಕೆ ಏನಂದ್ರೆ ಏನೂ ಇಲ್ಲ. ಹೆಸರು ನಂದೇ ಅಕ್ಷರದಲ್ಲಿದೆ, 'ಚೆನ್ನಾಗಿತ್ತು' ಅಂತ ಬೇರೆ ಬರೆದಿದೆ, ಒಳಗೆ ಯಾರಿದ್ರು ಅಂತಲೇ ಗೊತ್ತಿಲ್ಲ. ಐದೂ ಒಂದೂವರೆ ವೇಗದ್ದು. ಬಸ್ಸಲ್ಲಿ ಆ ಹುಡುಗಿ ಜೊತೆ ಓದಿದ ಕತೆ ಮಾತ್ರ ಗಟ್ಟಿ. ಆಗ ಹೊಳೀತು ನೋಡಿ, ನೋಟ್‌ಬುಕ್ಕಿನ ಈ ಕಡೆಯಿಂದ ನನಗೆ ಗೊತ್ತಿರೋದು ಆ ಕಡೆಯಿಂದ ಗೊತ್ತಾಗಲಿಲ್ಲವಲ್ಲ ಅಂತ. ಡೇರೀಲಿ ಎಷ್ಟು ಲೀಟರು ಅಂತ ಮಾತ್ರ ನೋಡ್ತಾರಾ? ಫ್ಯಾಟು ನೋಡ್ತಾರೆ. ನೀರು ಜಾಸ್ತಿ ಇರೋ ಹತ್ತು ಲೀಟರಿಗೆ ಸಿಗೋ ಮರ್ಯಾದೆ ಎಷ್ಟು ಅಂತ ನಮಗೆಲ್ಲ ಗೊತ್ತು. ಅವತ್ತೇ ಇನ್ನೆರಡು ಕಾಲಂ ಎಳೆದೆ: 'ಏನು ಉಳೀತು', 'ಯಾರ ಜೊತೆ'. 'ಉಳೀತು' ಅನ್ನೋದನ್ನ ಪುಸ್ತಕ ಮುಗಿದ ದಿನ ತುಂಬಬಾರದು, ತಿಂಗಳಾದ ಮೇಲೆ ತುಂಬಬೇಕು. ನೀವೂ ಲೆಕ್ಕ ಇಡೋದಾದ್ರೆ ಹಿಂಗೇ ಮಾಡಿ ನೋಡಿ.

ಈಗ ವರ್ಷದ ಕೊನೆ ಲೆಕ್ಕ, ಚಿಕ್ಕಮ್ಮ ಕೇಳಿದ್ದು. ಒಟ್ಟು 22. ಫೋನಲ್ಲಿ ಕೇಳಿದ್ದು 14, ನಾನೊಬ್ಬಳೇ ಓದಿದ್ದು 6, ಓದಿ ಹೇಳಿದ್ದು 2. ಅರ್ಧಕ್ಕೆ ಬಿಟ್ಟಿದ್ದು 4, ಅದಕ್ಕೆ ನಾಚಿಕೆ ಇಲ್ಲ, ಹುಳಿ ಬಂದ ಹಾಲು ಡೇರಿಗೆ ಹಾಕಲ್ಲ. ಅಂದುಕೊಂಡಿದ್ದಕ್ಕೆ ಎರಡು ಕಮ್ಮಿ. ಈ 22ರ ಪಕ್ಕ ಇನ್ನೊಂದು ಲೆಕ್ಕ ಬೇರೆ ಶಾಯೀಲಿ ಬರೆದಿದೀನಿ: ಅತ್ತೆಮ್ಮ, 5. ಅವರ ಲೆಕ್ಕದಲ್ಲಿ 'ಏನು ಉಳೀತು' ಅನ್ನೋ ಕಾಲಂ ಒಂದೂ ಖಾಲಿ ಇಲ್ಲ.

ಇದನ್ನ ಬರೀಬೇಕು ಅಂತ ಅತ್ತೆಮ್ಮನ ಕೇಳಿದೆ. ನಾನು ಕಿವಿ ಮುಚ್ಕೊಂಡಿದ್ದಕ್ಕೆ ನೀವು ಅಷ್ಟೊತ್ತು ಬಚ್ಚಲಲ್ಲಿ ಬಿದ್ದಿದ್ರಿ ಅಂತ ಎಲ್ರಿಗೂ ಗೊತ್ತಾಗುತ್ತೆ, ಬರೀಲಾ ಅಂದೆ. "ಬರ್ಕೋ ಓಗು. ನಾನೇನು ಓದ್ತೀನಾ?" ಅಂತ ನಕ್ಕರು. ಆಮೇಲೆ, "ಆದ್ರೆ ನಂಗೊಂದು ಸಲ ಓದಿ ಯೋಳು" ಅಂದ್ರು.

ನಿನ್ನೆ ರಾತ್ರಿ ಊಟ ಆದ್ಮೇಲೆ ಒಲೆ ಮುಂದೆ ಕೂತು ಇಷ್ಟನ್ನೂ ಓದಿ ಹೇಳಿದೆ. ನಿಧಾನಕ್ಕೆ ಓದಿದೆ. ಆಸ್ಪತ್ರೆ ಬೆಂಚಿನ ಮಾತು ಬಂದಾಗ ಎಡಗೈ ಎತ್ತಿದ್ರು. ಓದೋದು ನಿಲ್ಲಿಸಿದೆ.

"ಎಲ್ಡು ಸಲ ಅಲ್ಲ ಕಣಮ್ಮಾ" ಅಂದ್ರು. "ಬಾಳ ಸಲ ಕೂಗ್ದೆ. ನಿಂಗೆ ಬೇಜಾರಾಯ್ತದೆ ಅಂತ ಅವತ್ತು ಎಲ್ಡು ಅಂದೆ."

ಎಷ್ಟು ಸಲ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೇಲೆ ಎರಡು ಅಂತ ಬರೆದಿದ್ದನ್ನ ಹೊಡೆದುಹಾಕಿಲ್ಲ, ಅವತ್ತು ಅವರು ಕೊಟ್ಟ ಲೆಕ್ಕ ಅದೇ. ಇದು ಇವತ್ತು ಕೊಟ್ಟಿದ್ದು. ಎರಡೂ ಇರಲಿ. "ಇದ್ರಾಗೆ ಬೇರೆ ಏನೂ ತಪ್ಪಿಲ್ಲ, ಮುಂದಕ್ಕೆ ಓದು" ಅಂದ್ರು, ಓದಿದೆ.

ಈಗ ಕೊಟ್ಟಿಗೇಲಿ ಒಂದೇ ಕಿವಿಗೆ ಹಾಕ್ಕೋತೀನಿ, ಇನ್ನೊಂದು ಕಿವಿ ಮನೆ ಕಡೆ. ಬಚ್ಚಲಿಗೆ ಹಿಡ್ಕೊಳ್ಳೋಕೆ ಕಬ್ಬಿಣದ ರಾಡು ಹಾಕಿಸಿದೀವಿ, ನಿಮ್ಮ ಮನೇಲೂ ವಯಸ್ಸಾದೋರಿದ್ರೆ ಹಾಕಿಸಿ, ನಾಳೆ ಅನ್ನಬೇಡಿ. ಹೊಸ ವರ್ಷಕ್ಕೆ ಎಷ್ಟು ಪುಸ್ತಕ ಅಂತ ಮಗಳು ಕೇಳಿದ್ಲು, ಲೆಕ್ಕ ಹಾಕಿಲ್ಲ ಅಂದೆ. ಮೊದಲನೇದು ಯಾವುದು ಅಂತ ಅತ್ತೆಮ್ಮ ಆರಿಸ್ತಾರೆ.

ಭಾನುವಾರ ಮತ್ತೆ ಎರಡು ಮೂಟೆ ಅವರೇಕಾಯಿ ಬರುತ್ತೆ. ಎಲ್ರೂ ಬನ್ನಿ, ಹಿತಕೋಕೆ ಕೈ ಬೇಕು. ಮಾಸ್ತಿಯವರ ಕತೆ ಒಂದು ಹಾಕ್ತೀನಿ. ನಿಮ್ಮ ನಿಮ್ಮ ಫೋನು ಒಳಗೆ ಅಕ್ಕಿ ಡಬ್ಬದ ಹಿಂದೆ ಇಡಬೇಕು, ಜಾಗ ಖಾಲಿ ಇದೆ.